ಒಗಟು ಹೇಳದೇ ಬಿಟ್ಟ ಮಾತನ್ನು ಹಿಡಿಯುವುದು ಹೇಗೆ? ಹಂತ ಹಂತವಾಗಿ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಪ್ರತಿ ಭಾನುವಾರ ಬೆಳಿಗ್ಗೆ ನಾನೊಂದು ಒಗಟು ಹಾಕುತ್ತೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತು ಉತ್ತರ ಬಂದಿರುತ್ತವೆ. ಹದಿನೆಂಟು ತಪ್ಪು. ಇಂಜಿನಿಯರ್ ಅಣ್ಣನೂ ಎಡವುತ್ತಾನೆ, ಬ್ಯಾಂಕಿನಲ್ಲಿರುವ ಅತ್ತಿಗೆಯೂ ಎಡವುತ್ತಾರೆ. ಎಡವುವ ಜಾಗ ಮಾತ್ರ ಎಲ್ಲರಿಗೂ ಒಂದೇ. ಒಗಟು ಹೇಳದೇ ಇದ್ದ ಒಂದು ಮಾತನ್ನು ತಾವೇ ಸೇರಿಸಿಕೊಂಡಿರುತ್ತಾರೆ. ಆಮೇಲೆ ಆ ಮಾತಿಗೆ ತಕ್ಕಂತೆ ಎಷ್ಟು ತಲೆ ಕೆರೆದುಕೊಂಡರೂ ದಾರಿ ಸಿಗುವುದಿಲ್ಲ.

'ಬೇರೆ ಥರ ಯೋಚನೆ ಮಾಡಿ' ಅಂತ ಹೇಳುವುದರಿಂದ ಯಾರಿಗೂ ಉಪಯೋಗ ಆಗಿದ್ದನ್ನು ನಾನು ಕಂಡಿಲ್ಲ. ಯಾವುದಕ್ಕಿಂತ ಬೇರೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ ಕೆಳಗಿನ ಕ್ರಮ. ಅದಲು ಬದಲು ಮಾಡಬೇಡಿ. ಹೆಚ್ಚಿನವರು ನೇರ ಐದನೇ ಹಂತದಿಂದ ಶುರು ಮಾಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

## ಕೈಯಲ್ಲಿ ಇರಬೇಕಾದ ಸಾಮಾನು

ಒಂದು ಹಾಳೆ, ಒಂದು ಪೆನ್ನು, ಹತ್ತು ಬೆಂಕಿಕಡ್ಡಿ, ಮೂರು ಸ್ಟೀಲ್ ಲೋಟ, ಒಂದು ಅಡಿಕೆ. ಇಷ್ಟು ಸಾಕು. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಉತ್ತರ ಹುಡುಕುವ ಆಸೆಯೇನೋ ಸರಿ, ಆದರೆ ಒಮ್ಮೆ ಉತ್ತರ ನೋಡಿಬಿಟ್ಟರೆ 'ಓ, ಇಷ್ಟೇನಾ' ಅನಿಸುತ್ತದೆ. ಎಲ್ಲಿ ಜಾರಿದಿರಿ ಅನ್ನುವುದು ಗೊತ್ತಾಗುವುದೇ ಇಲ್ಲ.

## ಹಂತ 1: ಒಗಟನ್ನು ಇದ್ದ ಹಾಗೇ ಬರೆದುಕೊಳ್ಳಿ

ಇದನ್ನು ಓದಿ. 'ನೀವು ಬೆಂಗಳೂರಿನಿಂದ ಮೈಸೂರಿಗೆ ಬಸ್ ಓಡಿಸುತ್ತಿದ್ದೀರಿ. ಹೊರಡುವಾಗ ಬಸ್ಸಿನಲ್ಲಿ 32 ಜನ. ರಾಮನಗರದಲ್ಲಿ 5 ಜನ ಇಳಿದು 8 ಜನ ಹತ್ತಿದರು. ಮದ್ದೂರಿನಲ್ಲಿ 11 ಜನ ಇಳಿದು 4 ಜನ ಹತ್ತಿದರು. ಮಂಡ್ಯದಲ್ಲಿ 6 ಜನ ಇಳಿದರು, ಯಾರೂ ಹತ್ತಲಿಲ್ಲ. ಡ್ರೈವರ್ ವಯಸ್ಸೆಷ್ಟು?'

ರಾಮನಗರ ಬರುವಷ್ಟರಲ್ಲಿ ಎಲ್ಲರೂ ಮನಸ್ಸಿನಲ್ಲೇ ಕೂಡಿಸಿ ಕಳೆಯಲು ಶುರು ಮಾಡಿರುತ್ತಾರೆ. ಉತ್ತರ ಇದ್ದದ್ದು ಮೊದಲನೇ ಪದದಲ್ಲಿ. ಬಸ್ ಓಡಿಸುತ್ತಿರುವುದು ನೀವು, ಹಾಗಾಗಿ ನಿಮ್ಮ ವಯಸ್ಸೇ ಉತ್ತರ. ಯಾರೂ ಕೇಳದ ಲೆಕ್ಕವನ್ನು ಮಾಡುವ ಗಡಿಬಿಡಿಯಲ್ಲಿ 'ನೀವು' ಮರೆತುಹೋಯಿತು.

ಇನ್ನೊಂದು. 'ಲಂಕೆಗೆ ಸೇತುವೆ ಕಟ್ಟುವಾಗ ಭೀಮ ಕಲ್ಲು ಹೊತ್ತಿದ್ದು ಯಾವ ಕೈಯಲ್ಲಿ?' ಎಡಗೈ, ಬಲಗೈ ಅಂತ ಜಗಳ ನಡೆಯುತ್ತದೆಯೇ ಹೊರತು, ರಾಮಾಯಣಕ್ಕೆ ಭೀಮ ಯಾಕೆ ಬಂದ ಅಂತ ಕೇಳುವವರು ಕಡಿಮೆ. ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರೇ ಇದೆ, ಮೋಸೆಸ್ ಭ್ರಮೆ ಅಂತ. 1981ರಲ್ಲಿ ಎರಿಕ್ಸನ್ ಮತ್ತು ಮ್ಯಾಟ್ಸನ್ ಎಂಬಿಬ್ಬರು ಜನರಿಗೆ ಕೇಳಿದ ಪ್ರಶ್ನೆ ಇದು: ಮೋಸೆಸ್ ತನ್ನ ಹಡಗಿಗೆ ಪ್ರತಿ ಜಾತಿಯ ಎಷ್ಟು ಪ್ರಾಣಿಗಳನ್ನು ಹತ್ತಿಸಿಕೊಂಡ? ಬಹಳ ಜನ 'ಎರಡು' ಅಂದರು. ಬೈಬಲ್ಲಿನಲ್ಲಿ ಹಡಗು ಕಟ್ಟಿದವನು ನೋಹ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಸರನ್ನು ದಾಟಿ ಹೋದರು.

ಆದ್ದರಿಂದ ಬರೆಯಿರಿ. ನೆನಪಿನಿಂದ ಅಲ್ಲ, ಪದಕ್ಕೆ ಪದ. ಯಾರಾದರೂ ಬಾಯಲ್ಲಿ ಹೇಳುತ್ತಿದ್ದರೆ ಇನ್ನೊಮ್ಮೆ ಹೇಳಿಸಿ. ಬರೆದಿದ್ದು ಒಗಟಿಗಿಂತ ಚಿಕ್ಕದಾಗಿದ್ದರೆ ಏನೋ ಬಿಟ್ಟಿದ್ದೀರಿ. ಉದ್ದವಾಗಿದ್ದರೆ ಆಗಲೇ ಸೇರಿಸಲು ಶುರು ಮಾಡಿದ್ದೀರಿ.

## ಹಂತ 2: ಯಾವ ಥರದ ಒಗಟು ಅಂತ ನೋಡಿ

ಇದಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ.

'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂದರೆ ಮಲ್ಲಿಗೆ. ನಮ್ಮ ಅಜ್ಜಿಯರ ಒಗಟುಗಳು ಬಹುಪಾಲು ಹೀಗೇ, ಒಂದನ್ನು ಇನ್ನೊಂದರ ಹಾಗೆ ತೋರಿಸುತ್ತವೆ. ಅವಕ್ಕೆ ಈ ಬರಹದ ಕ್ರಮ ಹೊಂದುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬಲೆ ಬೀಸುವ ಒಗಟುಗಳ ಬಗ್ಗೆ. ಕಥೆ ಹೇಳಿ 'ಇದು ಹೇಗೆ ಸಾಧ್ಯ?' ಅನ್ನುವುದು ಒಂದು ಬಗೆ. ಲೆಕ್ಕದ ವೇಷ ಹಾಕಿದ್ದು ಇನ್ನೊಂದು. ಕಡ್ಡಿ, ಚುಕ್ಕಿ, ದೋಣಿ ಕೊಟ್ಟು 'ಮಾಡಿ ತೋರಿಸು' ಅನ್ನುವುದು ಮೂರನೆಯದು. ಕಥೆಯಾದರೆ ಹಂತ 3ಕ್ಕೆ ಜಾಸ್ತಿ ಹೊತ್ತು ಕೊಡಿ, ಕೆಲಸವಾದರೆ 4 ಮತ್ತು 5ಕ್ಕೆ, ಲೆಕ್ಕವಾದರೆ 6ಕ್ಕೆ.

## ಹಂತ 3: ಹಾಳೆಯನ್ನು ಎರಡು ಕಾಲಂ ಮಾಡಿ

ಎಡಗಡೆ 'ಒಗಟು ಹೇಳಿದ್ದು', ಬಲಗಡೆ 'ನಾನು ಸೇರಿಸಿದ್ದು'. ಇಡೀ ಕೆಲಸದ ಮುಕ್ಕಾಲು ಪಾಲು ಈ ಬಲಗಡೆಯ ಕಾಲಂನಲ್ಲಿದೆ.

ಹಳೆಯ ಒಗಟೊಂದನ್ನು ತೆಗೆದುಕೊಳ್ಳೋಣ. 'ಅಪ್ಪ, ಮಗ ಬೈಕಿನಲ್ಲಿ ಹೋಗುವಾಗ ಅಪಘಾತವಾಯಿತು. ಅಪ್ಪ ಸ್ಥಳದಲ್ಲೇ ತೀರಿಕೊಂಡ. ಹುಡುಗನನ್ನು ಆಸ್ಪತ್ರೆಗೆ ತಂದರು. ಆಪರೇಷನ್ ಮಾಡಬೇಕಿದ್ದ ಡಾಕ್ಟರು ಹುಡುಗನ ಮುಖ ನೋಡಿ, ನನ್ನ ಕೈಯಲ್ಲಿ ಆಗಲ್ಲ, ಇವನು ನನ್ನ ಮಗ ಅಂದರು. ಹೇಗೆ?'

ದತ್ತು ಮಗ, ಮಲತಂದೆ, ಡಾಕ್ಟರು ಸುಳ್ಳು ಹೇಳಿದರು, ಹೀಗೆ ಏನೇನೋ ಉತ್ತರ ಬರುತ್ತವೆ. ಬಲಗಡೆ ಕಾಲಂ ಬರೆದವರು ಮಾತ್ರ ಒಂದು ಸಾಲಿನ ಮುಂದೆ ನಿಲ್ಲುತ್ತಾರೆ: 'ಡಾಕ್ಟರು ಗಂಡಸು'. ಒಗಟಿನಲ್ಲಿ ಅದು ಎಲ್ಲೂ ಇಲ್ಲ. ಡಾಕ್ಟರು ಹುಡುಗನ ಅಮ್ಮ.

ಇಲ್ಲಿ ಕನ್ನಡದ ಒಂದು ಸೂಕ್ಷ್ಮ ಇದೆ, ಗಮನಿಸಿ. ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ. 'ಡಾಕ್ಟರ್ ಅಂದ' ಎಂದರೆ ಒಗಟು ಸುಳ್ಳಾಗುತ್ತದೆ, 'ಅಂದಳು' ಎಂದರೆ ಗುಟ್ಟು ಬಯಲಾಗುತ್ತದೆ. ಹೇಳುವವನಿಗೆ ಉಳಿಯುವ ದಾರಿ ಒಂದೇ, ಗೌರವದ 'ಅಂದರು'. ಮೇಲಿನ ಕಥೆಯಲ್ಲಿ ಅಪ್ಪ 'ತೀರಿಕೊಂಡ', ಡಾಕ್ಟರು 'ಅಂದರು'. ಒಬ್ಬರಿಗೆ ಏಕವಚನ, ಇನ್ನೊಬ್ಬರಿಗೆ ಬಹುವಚನ. ಅದು ಬರೀ ಮರ್ಯಾದೆ ಇರಬಹುದು, ಮುಚ್ಚಿಡುವ ಉಪಾಯವೂ ಇರಬಹುದು. ಒಗಟಿನಲ್ಲಿ 'ಅವರು' ಕಂಡ ಕೂಡಲೇ ಬಲಗಡೆ 'ಗಂಡಸೋ ಹೆಂಗಸೋ ಹೇಳಿಲ್ಲ' ಅಂತ ಬರೆದುಕೊಳ್ಳಿ.

ಇದನ್ನು ನಾನು ಕಲಿತದ್ದು ಒಂದು ಮದುವೆಮನೆಯಲ್ಲಿ, ಮರ್ಯಾದೆ ಕಳೆದುಕೊಂಡು. ಊಟದ ಪಂಕ್ತಿಗೆ ಕಾಯುವಾಗ ಮಕ್ಕಳಿಗೆ ಮೀನಿನ ಒಗಟು ಹೇಳಿದೆ. 'ಬಾಗಿಲು ಹಾಕಿದ ಕೋಣೆ. ನೆಲದ ಮೇಲೆ ರಾಜ, ರಾಣಿ ಸತ್ತು ಬಿದ್ದಿವೆ. ಪಕ್ಕದಲ್ಲಿ ಗಾಜಿನ ಚೂರು, ನೀರು. ಕಿಟಕಿ ತೆರೆದಿದೆ. ಏನಾಯಿತು?' ಆರೇಳು ವರ್ಷದ ಹುಡುಗಿಯೊಬ್ಬಳು ನನ್ನ ಮಾತು ಮುಗಿಯುವ ಮೊದಲೇ, 'ಬಿದ್ದಿವೆ ಅಂದ್ರಲ್ಲ, ಮನುಷ್ಯರಾಗಿದ್ರೆ ಬಿದ್ದಿದ್ದಾರೆ ಅನ್ನಬೇಕಿತ್ತು' ಅಂದಳು. ಮುಗೀತು. ರಾಜ, ರಾಣಿ ಅಕ್ವೇರಿಯಂ ಮೀನುಗಳು, ಗಾಳಿಗೆ ತೊಟ್ಟಿ ಬಿದ್ದು ಒಡೆದಿದೆ. ಇಂಗ್ಲಿಷಿನಲ್ಲಿ ಈ ಒಗಟು ಸಲೀಸಾಗಿ ನಡೆಯುತ್ತದೆ. ಕನ್ನಡದಲ್ಲಿ ಹೇಳಬೇಕಾದರೆ ಕ್ರಿಯಾಪದವನ್ನೇ ನುಂಗಬೇಕು: 'ನೆಲದ ಮೇಲೆ ರಾಜ, ರಾಣಿ. ಜೀವ ಇಲ್ಲ.' ಹಾಗಾಗಿ ವಾಕ್ಯಗಳು ಇದ್ದಕ್ಕಿದ್ದಂತೆ ತುಂಡು ತುಂಡಾದರೆ, 'ಇಬ್ಬರು' ಅಥವಾ 'ಎರಡು' ಅನ್ನುವ ಪದವನ್ನು ಬೇಕೆಂದೇ ತಪ್ಪಿಸಿದ್ದರೆ, ಅಲ್ಲಿ ಮನುಷ್ಯರೇ ಇಲ್ಲದಿರಬಹುದು.

ಎರಡರ್ಥದ ಪದಗಳೂ ಇವೆ. ಮಾವ ಅಂದರೆ ಅಮ್ಮನ ತಮ್ಮನಾ, ಗಂಡನ ಅಪ್ಪನಾ? 'ಆರು' ಅಂದರೆ ಸಂಖ್ಯೆಯಾ, ದೀಪ ಆರುವುದಾ? ಎರಡರ್ಥ ಬರುವ ಪ್ರತಿ ಪದಕ್ಕೂ ಸುತ್ತು ಹಾಕಿ.

ಬಲಗಡೆ ಏನು ಬರೆಯಬೇಕು ಅಂತ ತೋಚದಿದ್ದರೆ ಈ ಪ್ರಶ್ನೆಗಳನ್ನು ಸಾಲಾಗಿ ಕೇಳಿಕೊಳ್ಳಿ. ಯಾರು? ಗಂಡಸಾ, ಹೆಂಗಸಾ, ಮಗುವಾ, ಮನುಷ್ಯರೇನಾ? ಎಷ್ಟು ಜನ? ಎಲ್ಲಿ? ಹಗಲಾ, ರಾತ್ರಿಯಾ? ಒಂದೇ ದಿನವಾ? 'ಕಪ್ಪು ಬಟ್ಟೆ ತೊಟ್ಟವನು ಡಾಂಬರು ರಸ್ತೆ ದಾಟುತ್ತಿದ್ದ. ಬೀದಿದೀಪ ಉರಿಯುತ್ತಿರಲಿಲ್ಲ, ಕಾರಿನ ಹೆಡ್‌ಲೈಟ್ ಹಾಕಿರಲಿಲ್ಲ, ಆಕಾಶದಲ್ಲಿ ಚಂದ್ರನೂ ಇಲ್ಲ. ಆದರೂ ಡ್ರೈವರ್ ದೂರದಿಂದಲೇ ನೋಡಿ ಬ್ರೇಕ್ ಹಾಕಿದ.' ನಡುಮಧ್ಯಾಹ್ನ ರೀ! ದೀಪ, ಚಂದ್ರ ಅಂತ ಹೇಳಿ ಹೇಳಿ ರಾತ್ರಿಯನ್ನು ನಮ್ಮ ಕೈಯಲ್ಲೇ ಕಟ್ಟಿಸಿದ್ದಾರೆ.

ಕನಿಷ್ಠ ಎಂಟು ಸಾಲು ಬರೆಯುವವರೆಗೆ ಮುಂದೆ ಹೋಗಬೇಡಿ. ಮೂರೇ ಸಾಲಿಗೆ ನಿಂತರೆ ಊಹೆಗಳು ಇಲ್ಲ ಅಂತಲ್ಲ. ಅವು ಅಷ್ಟು ಸಹಜವಾಗಿ ಕೂತಿವೆ, ಕಣ್ಣಿಗೆ ಬೀಳುತ್ತಿಲ್ಲ. 'ಇದನ್ನೂ ಬರೀಬೇಕಾ' ಅಂತ ನಾಚಿಕೆ ಆಗುವ ಸಾಲನ್ನು ಮೊದಲು ಬರೆಯಿರಿ. ಬಹಳ ಸಲ ಕಳ್ಳ ಅದೇ.

## ಹಂತ 4: ನಿಯಮ ಯಾವುದು, ಊಹೆ ಯಾವುದು, ಬೇರೆ ಮಾಡಿ

ಎರಡು ಮೂರು ಸಲ ಮೋಸ ಹೋದವರು ಆಮೇಲೆ ಇನ್ನೊಂದು ತುದಿಗೆ ಹೋಗುತ್ತಾರೆ. ಹಗ್ಗ ಕಂಡರೂ ಹಾವು ಅನ್ನುತ್ತಾರೆ. ಒಗಟು ಸ್ಪಷ್ಟವಾಗಿ ಹಾಕಿದ ನಿಯಮವನ್ನೇ ಮುರಿದು 'ಬಿಡಿಸಿದೆ' ಅನ್ನುತ್ತಾರೆ.

ಹುಲಿ, ಮೇಕೆ, ಹುಲ್ಲಿನ ಒಗಟು ಎಲ್ಲರಿಗೂ ಗೊತ್ತು. ಅಂಬಿಗನ ದೋಣಿಯಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನಿಲ್ಲದಾಗ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು ತಿನ್ನುತ್ತದೆ. ಮೂರನ್ನೂ ದಾಟಿಸಬೇಕು. 'ಮೇಕೆಯನ್ನು ಹಗ್ಗ ಕಟ್ಟಿ ಈಜಿಸಿದರಾಯ್ತು', 'ಹುಲಿಯನ್ನು ಮರಕ್ಕೆ ಕಟ್ಟಿದರಾಯ್ತು' ಅಂತ ಉತ್ತರ ಬರುತ್ತದೆ. ಒಂದಕ್ಕೇ ಜಾಗ ಅನ್ನುವುದು, ತಿನ್ನುತ್ತದೆ ಅನ್ನುವುದು ಎಡಗಡೆ ಕಾಲಂನಲ್ಲಿವೆ. ಅವನ್ನು ಮುಟ್ಟುವ ಹಾಗಿಲ್ಲ. ಬಲಗಡೆ ಕಾಲಂನಲ್ಲಿ ಇರುವುದು ಬೇರೆಯೇ: 'ಒಮ್ಮೆ ದಾಟಿಸಿದ್ದನ್ನು ವಾಪಸ್ ತರುವ ಹಾಗಿಲ್ಲ'. ಅದನ್ನು ಹೇಳಿದವರು ಯಾರು?

ಆ ಸಾಲು ಹೊಡೆದರೆ ದಾರಿ ತೆರೆಯಿತು. ಮೊದಲು ಮೇಕೆಯನ್ನು ದಾಟಿಸಿ ಒಬ್ಬನೇ ವಾಪಸ್. ಆಮೇಲೆ ಹುಲಿಯನ್ನು ದಾಟಿಸಿ, ಬರುವಾಗ ಮೇಕೆಯನ್ನು ಕರೆತರುವುದು. ಮೇಕೆಯನ್ನು ಈ ದಡದಲ್ಲಿ ಬಿಟ್ಟು ಹುಲ್ಲನ್ನು ಒಯ್ಯುವುದು, ಒಬ್ಬನೇ ವಾಪಸ್. ಕೊನೆಗೆ ಮೇಕೆ. ಒಟ್ಟು ಏಳು ಸಲ ಹೊಳೆ ದಾಟಬೇಕು.

## ಹಂತ 5: ಒಂದು ಸಲಕ್ಕೆ ಒಂದೇ ಊಹೆ ಹೊಡೆಯಿರಿ

ಬಲಗಡೆಯ ಪಟ್ಟಿಯಿಂದ ಒಂದು ಸಾಲು ಹೊಡೆದುಹಾಕಿ, ಒಗಟನ್ನು ಮತ್ತೆ ಮೊದಲಿಂದ ಓದಿ. ಆಗಲಿಲ್ಲವೇ? ಆ ಸಾಲನ್ನು ಮತ್ತೆ ಸೇರಿಸಿ ಮುಂದಿನದನ್ನು ಹೊಡೆಯಿರಿ. ಎರಡು ಮೂರನ್ನು ಒಟ್ಟಿಗೆ ಹೊಡೆದರೆ ಎಲ್ಲವೂ ಸಾಧ್ಯ ಅನಿಸಿ ತಲೆ ಗೊಂದಲವಾಗುತ್ತದೆ.

ಇದನ್ನು ಕೈಯಲ್ಲೇ ಮಾಡಿ ನೋಡಿ. ಹಾಳೆಯಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚುಕ್ಕಿ ಇಡಿ. ಪೆನ್ನು ಎತ್ತದೆ ನಾಲ್ಕೇ ನೇರ ಗೆರೆಯಲ್ಲಿ ಎಲ್ಲ ಚುಕ್ಕಿ ಮುಟ್ಟಬೇಕು. ಅಮೆರಿಕದ ಸ್ಯಾಮ್ ಲಾಯ್ಡ್ ಅವರ 1914ರ ಒಗಟುಗಳ ದೊಡ್ಡ ಸಂಗ್ರಹದಲ್ಲೇ ಇದು ಇದೆ. ನೂರು ವರ್ಷ ದಾಟಿದರೂ ಜನ ಬೀಳುವುದು ನಿಂತಿಲ್ಲ. ದಿನಾ ಬೆಳಿಗ್ಗೆ ಚುಕ್ಕಿಯ ಹೊರಗೆ ಎಳೆ ಸುತ್ತಿಸಿ ರಂಗೋಲಿ ಹಾಕುವ ನಮ್ಮ ಅತ್ತಿಗೆ ಕೂಡ ಬಿದ್ದರು!

ಬಲಗಡೆಯ ಪಟ್ಟಿ ಹೀಗಿರುತ್ತದೆ: ಚುಕ್ಕಿಯಲ್ಲೇ ತಿರುಗಬೇಕು, ಚೌಕದ ಒಳಗೇ ಇರಬೇಕು. ಇವೆರಡೂ ನಿಜಕ್ಕೂ ಒಂದೇ ಊಹೆಯ ಎರಡು ಮುಖ. ಎಡ ಮೇಲಿನ ಮೂಲೆಯಿಂದ ಹೊರಟು ಮೇಲಿನ ಮೂರು ಚುಕ್ಕಿಯನ್ನೂ ದಾಟಿ, ಬಲಕ್ಕೆ ಇನ್ನೊಂದು ಚುಕ್ಕಿ ಇಡುವಷ್ಟು ದೂರ ಹೊರಗೆ ಹೋಗಿ. ಅಲ್ಲಿಂದ ಓರೆಯಾಗಿ ಎಡಕ್ಕಿಳಿಯಿರಿ. ನಡುಸಾಲಿನ ಕೊನೆಯ ಚುಕ್ಕಿ, ಕೆಳಸಾಲಿನ ನಡುವಿನ ಚುಕ್ಕಿ ಮುಟ್ಟಿ, ಎಡಗಡೆ ಸಾಲಿನ ಕೆಳಗೆ ಮತ್ತೆ ಹೊರಗೆ ಬರುತ್ತೀರಿ. ಅಲ್ಲಿಂದ ನೇರ ಮೇಲೆ, ಹೊರಟ ಜಾಗಕ್ಕೆ. ಕೊನೆಯ ಗೆರೆ ಓರೆಯಾಗಿ ಬಲ ಕೆಳಮೂಲೆಗೆ.

ಬೆಂಕಿಕಡ್ಡಿಗೂ ಇದೇ ಪಾಠ. ಆರು ಕಡ್ಡಿಯಲ್ಲಿ ನಾಲ್ಕು ಸಮಭುಜ ತ್ರಿಕೋನ ಮಾಡಬೇಕು, ಪ್ರತಿ ಬದಿಯೂ ಒಂದು ಪೂರ್ತಿ ಕಡ್ಡಿ. ಮೇಜಿನ ಮೇಲೆ ಎಷ್ಟು ತಿರುಗಿಸಿದರೂ ಆಗುವುದಿಲ್ಲ. ಮೇಜಿಗೆ ಅಂಟಿಕೊಂಡೇ ಇರಬೇಕು ಅಂದವರು ಯಾರು? ಮೂರು ಕಡ್ಡಿಯ ತ್ರಿಕೋನ ಕೆಳಗೆ, ಅದರ ಮೂಲೆಗಳಿಂದ ಮೂರು ಕಡ್ಡಿ ಮೇಲಕ್ಕೆ ನಿಲ್ಲಿಸಿ ತುದಿ ಸೇರಿಸಿ. ಗೋಪುರ ಆಯಿತು.

ವಸ್ತುಗಳ ಬಗ್ಗೆ ಒಂದು ಎಚ್ಚರಿಕೆ. ಮೇಣದಬತ್ತಿ, ಬೆಂಕಿಪೊಟ್ಟಣ, ಡಬ್ಬಿ ತುಂಬ ಡ್ರಾಯಿಂಗ್ ಪಿನ್ ಕೊಟ್ಟು, ಬತ್ತಿಯನ್ನು ಗೋಡೆಯ ಮೇಲೆ ನಿಲ್ಲಿಸಿ ಅನ್ನುವ ಪ್ರಯೋಗ ಇದೆ. ಜರ್ಮನಿಯ ಕಾರ್ಲ್ ಡಂಕರ್ ಮಾಡಿದ್ದು, ಇಂಗ್ಲಿಷಿನಲ್ಲಿ 1945ರಲ್ಲಿ ಪ್ರಕಟವಾಯಿತು. ಡಬ್ಬಿಯನ್ನು ಖಾಲಿ ಮಾಡಿ, ಪಿನ್ನಿನಿಂದ ಗೋಡೆಗೆ ಚುಚ್ಚಿ, ಅದರ ಮೇಲೆ ಬತ್ತಿ ನಿಲ್ಲಿಸಬೇಕು. ಡಬ್ಬಿಯನ್ನು ಮೊದಲೇ ಖಾಲಿ ಮಾಡಿ ಪಕ್ಕದಲ್ಲಿ ಇಟ್ಟುಕೊಟ್ಟಾಗ ಹೆಚ್ಚು ಜನ ಬಿಡಿಸಿದರು. ಒಳಗೆ ಪಿನ್ ಇದ್ದಾಗ ಅದು ಬರೀ 'ಪಿನ್ ಡಬ್ಬಿ' ಆಗಿತ್ತು. ಒಗಟಿನಲ್ಲಿ ವಸ್ತುಗಳಿದ್ದರೆ ಅವುಗಳ ಕೆಲಸದ ಹೆಸರು ಬಿಟ್ಟು, ಇದು ರಟ್ಟು, ಇದು ತಂತಿ, ಇದು ಭಾರ ಅಂತ ಬರೆದುಕೊಳ್ಳಿ.

## ಹಂತ 6: ಲೆಕ್ಕದ ವೇಷ ಹಾಕಿದ್ದಾದರೆ, ಉತ್ತರವನ್ನು ವಾಪಸ್ ಹಾಕಿ ನೋಡಿ

'ಬ್ಯಾಟು, ಬಾಲು ಸೇರಿ 110 ರೂಪಾಯಿ. ಬಾಲಿಗಿಂತ ಬ್ಯಾಟಿಗೆ 100 ರೂಪಾಯಿ ಜಾಸ್ತಿ. ಬಾಲಿಗೆ ಎಷ್ಟು?' ಬಾಯಿಗೆ ಬರುವುದು 10. ವಾಪಸ್ ಹಾಕಿ. ಬಾಲು 10 ಆದರೆ ಬ್ಯಾಟು 110, ಎರಡೂ ಸೇರಿ 120. ತಪ್ಪು. ಬಾಲು 5, ಬ್ಯಾಟು 105. 2005ರಲ್ಲಿ ಶೇನ್ ಫ್ರೆಡರಿಕ್ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಡಾಲರ್ ಲೆಕ್ಕದಲ್ಲಿ ಇದೇ ಪ್ರಶ್ನೆ ಇತ್ತು. ಅದರಲ್ಲೇ ಇನ್ನೊಂದು: ಕೆರೆಯ ಎಲೆಗಳು ದಿನಾ ಎರಡರಷ್ಟಾಗುತ್ತವೆ, 48 ದಿನಕ್ಕೆ ಕೆರೆ ತುಂಬುತ್ತದೆ, ಅರ್ಧ ಕೆರೆ ತುಂಬಿದ್ದು ಯಾವತ್ತು? 24 ಅಲ್ಲ, 47.

ಬಾವಿಯ ಕಪ್ಪೆಯೂ ಹೀಗೇ. 30 ಅಡಿ ಬಾವಿ, ಹಗಲು 3 ಅಡಿ ಏರಿ ರಾತ್ರಿ 2 ಅಡಿ ಜಾರುತ್ತದೆ. ದಿನಕ್ಕೆ ಒಂದಡಿ, ಹಾಗಾಗಿ 30 ದಿನ ಅನ್ನುತ್ತಾರೆ. 27 ದಿನ ಕಳೆದಾಗ 27 ಅಡಿಯಲ್ಲಿರುತ್ತದೆ, 28ನೇ ದಿನ ಹಗಲಲ್ಲೇ ದಂಡೆ ಹತ್ತಿ ಕೂತಿರುತ್ತದೆ. ದಂಡೆ ಹತ್ತಿದ ಮೇಲೂ ಜಾರುತ್ತದೆ ಅಂತ ನಾವು ಸೇರಿಸಿದ್ದೆವು.

ಜನರನ್ನು ಅತಿ ಹೆಚ್ಚು ಕಾಡುವುದು ಕಳೆದುಹೋದ ಹಣದ ಒಗಟು. ಮೂವರು ಗೆಳೆಯರು ಲಾಡ್ಜಿನಲ್ಲಿ ತಲಾ 100ರಂತೆ 300 ರೂಪಾಯಿ ಕೊಟ್ಟರು. ಆಮೇಲೆ ಮ್ಯಾನೇಜರ್, ಬಾಡಿಗೆ 250 ಅಷ್ಟೇ ಅಂತ ರೂಂ ಬಾಯ್ ಕೈಯಲ್ಲಿ 50 ವಾಪಸ್ ಕಳಿಸಿದ. ಹುಡುಗ 20 ಜೇಬಿಗಿಳಿಸಿ, ಮೂವರಿಗೂ ಹತ್ತು ಹತ್ತು ಕೊಟ್ಟ. ಈಗ ಪ್ರತಿಯೊಬ್ಬನೂ ಕೊಟ್ಟಿದ್ದು 90, ಒಟ್ಟು 270. ಹುಡುಗನ ಹತ್ತಿರ 20. ಸೇರಿಸಿದರೆ 290. ಉಳಿದ 10 ಎಲ್ಲಿ?

ಕಾಸು ಈಗ ಎಲ್ಲೆಲ್ಲಿದೆ ಅಂತ ಬರೆಯಿರಿ. ಗಲ್ಲಾಪೆಟ್ಟಿಗೆಯಲ್ಲಿ 250, ಹುಡುಗನ ಜೇಬಿನಲ್ಲಿ 20, ಗೆಳೆಯರ ಕೈಯಲ್ಲಿ 30. ಒಟ್ಟು 300. ಏನೂ ಕಳೆದಿಲ್ಲ. ಗೆಳೆಯರು ಕೊಟ್ಟ 270ರ ಒಳಗೇ ಹುಡುಗನ 20 ಸೇರಿದೆ. ಅದನ್ನು ಇನ್ನೊಮ್ಮೆ ಕೂಡಿಸಲು ಒಗಟು ಹೇಳಿತು, ನಾವು ಕೂಡಿಸಿದೆವು. ಇಲ್ಲಿ ಅಡಗಿದ ಊಹೆ ಅಂದರೆ, ಹೇಳುವವನು ಮಾಡಿದ ಲೆಕ್ಕಕ್ಕೆ ಅರ್ಥ ಇದೆ ಅನ್ನುವುದು!

ಇನ್ನೂ ನಂಬಿಕೆ ಬರದಿದ್ದರೆ ಸಂಖ್ಯೆ ಬದಲಿಸಿ. ಬಾಡಿಗೆ 200 ಅನ್ನಿ. 100 ವಾಪಸ್ ಬಂತು, ಹುಡುಗ 10 ಇಟ್ಟುಕೊಂಡು ತಲಾ 30 ಕೊಟ್ಟ. ಒಬ್ಬೊಬ್ಬರು ಕೊಟ್ಟಿದ್ದು 70, ಒಟ್ಟು 210, ಹುಡುಗನ 10 ಸೇರಿಸಿ 220. ಈಗ 80 ರೂಪಾಯಿ ಮಾಯ! ಹತ್ತು ರೂಪಾಯಿ ಮಾಯವಾದಾಗ ನಂಬಿದವರು 80 ಅಂದಾಗ ನಗುತ್ತಾರೆ. ಸಂಖ್ಯೆಯನ್ನು ಎಳೆದು ದೊಡ್ಡದು ಮಾಡಿದರೆ ಲೆಕ್ಕದ ಬಲೆ ತಾನಾಗಿ ಹರಿಯುತ್ತದೆ.

## ಹಂತ 7: ನಂಬಿಕೆ ಬರದಿದ್ದರೆ ಆಡಿ ನೋಡಿ

ಮೂರು ಲೋಟ ಬೋರಲು ಹಾಕಿ. ಗೆಳೆಯ ನೀವು ನೋಡದ ಹಾಗೆ ಒಂದರ ಕೆಳಗೆ ಅಡಿಕೆ ಇಡಲಿ. ನೀವು ಒಂದು ಲೋಟ ಆರಿಸಿ. ಉಳಿದ ಎರಡರಲ್ಲಿ ಖಾಲಿ ಇರುವ ಒಂದನ್ನು ಅವನು ಎತ್ತಿ ತೋರಿಸಲಿ. ಈಗ ನೀವು ಲೋಟ ಬದಲಿಸಿದರೆ ಒಳ್ಳೆಯದಾ? 'ಎರಡು ಲೋಟ ಉಳಿದಿವೆ, ಅರ್ಧಕ್ಕರ್ಧ' ಅನ್ನುತ್ತಾರೆ. ಬದಲಿಸಿದರೆ ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು. 1990ರಲ್ಲಿ ಅಮೆರಿಕದ ಅಂಕಣಗಾರ್ತಿ ಮರಿಲಿನ್ ವೋಸ್ ಸಾವಂತ್ ಹೀಗೆ ಬರೆದಾಗ ತಪ್ಪು ಅಂತ ಬೈದು ಸಾವಿರಾರು ಪತ್ರ ಬಂದವು, ಗಣಿತದಲ್ಲಿ ಡಾಕ್ಟರೇಟ್ ಮಾಡಿದವರಿಂದಲೂ.

ವಾದ ಬೇಡ. ಬದಲಿಸದೆ 30 ಸಲ, ಬದಲಿಸಿ 30 ಸಲ ಆಡಿ, ಗೆದ್ದದ್ದನ್ನು ಗೀಟು ಹಾಕಿ ಎಣಿಸಿ. ಮೊದಲ ಆಯ್ಕೆ ಮೂರು ಸಲದಲ್ಲಿ ಎರಡು ಸಲ ತಪ್ಪಾಗಿರುತ್ತದೆ. ಹಾಗೆ ತಪ್ಪಿದಾಗೆಲ್ಲ ಗೆಳೆಯ ಅಡಿಕೆಯ ಲೋಟವನ್ನೇ ಉಳಿಸಬೇಕಾಗುತ್ತದೆ. ಇಲ್ಲಿ ಅಡಗಿದ ಮಾತು: ಅಡಿಕೆ ಎಲ್ಲಿದೆ ಅಂತ ಅವನಿಗೆ ಗೊತ್ತು. ಗೊತ್ತಿಲ್ಲದೆ ಸುಮ್ನೆ ಎತ್ತಿ, ಅದೃಷ್ಟಕ್ಕೆ ಖಾಲಿ ಲೋಟ ಬಂದಿದ್ದರೆ ಮಾತ್ರ ಅರ್ಧಕ್ಕರ್ಧ. ಒಗಟಿನಲ್ಲಿ ಸಹಾಯ ಮಾಡುವವರು ಬಂದರೆ ಅವರಿಗೆ ಏನು ಗೊತ್ತು ಅಂತ ಬರೆಯುವುದನ್ನು ಮರೆಯಬೇಡಿ.

## ಹಂತ 8: ಸಿಕ್ಕಿದ ಉತ್ತರವನ್ನು ಮುರಿಯಲು ನೋಡಿ

ಉತ್ತರ ಸಿಕ್ಕ ಖುಷಿಯಲ್ಲಿ ಹಾಳೆ ಮಡಚಬೇಡಿ. ಒಗಟಿನ ಪ್ರತಿ ವಿವರಕ್ಕೂ ಉತ್ತರ ಹೊಂದುತ್ತದಾ ನೋಡಿ.

'ಹತ್ತನೇ ಮಹಡಿಯಲ್ಲಿರುವವನು ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗಿಳಿಯುತ್ತಾನೆ. ಸಂಜೆ ಏಳನೇ ಮಹಡಿವರೆಗೆ ಲಿಫ್ಟು, ಆಮೇಲೆ ಮೆಟ್ಟಿಲು. ಮಳೆ ಬಂದ ದಿನ, ಅಥವಾ ಲಿಫ್ಟಿನಲ್ಲಿ ಬೇರೆಯವರಿದ್ದ ದಿನ ಮಾತ್ರ ನೇರ ಹತ್ತಕ್ಕೆ.' ವ್ಯಾಯಾಮಕ್ಕೆ ಅನ್ನುತ್ತೀರಾ? ಹಾಗಾದರೆ ಬೇರೆಯವರು ಇದ್ದಾಗ ಯಾಕೆ ಬಿಟ್ಟ? ಲಿಫ್ಟು ಕೆಟ್ಟಿದೆ ಅನ್ನುತ್ತೀರಾ? ಬೆಳಿಗ್ಗೆ ಹತ್ತರಿಂದಲೇ ಇಳಿಯುತ್ತಾನಲ್ಲ. ಅವನು ಕುಳ್ಳ ಅಂದ ತಕ್ಷಣ ಎಲ್ಲವೂ ಕೂತುಕೊಳ್ಳುತ್ತವೆ. ಕೆಳಗಿನ ಬಟನ್ ಕೈಗೆ ಸಿಗುತ್ತದೆ, ಏಳರ ಮೇಲಿನದು ಸಿಗುವುದಿಲ್ಲ. ಬೇರೆಯವರಿದ್ದರೆ ಒತ್ತಿಸುತ್ತಾನೆ, ಮಳೆಗಾಲದಲ್ಲಿ ಕೊಡೆಯ ತುದಿಯಿಂದ ಒತ್ತುತ್ತಾನೆ. ಒಂದು ವಿವರವಾದರೂ ಹೊರಗೆ ಉಳಿದರೆ ಉತ್ತರ ಇನ್ನೂ ಸಿಕ್ಕಿಲ್ಲ ಅಂತಲೇ ಲೆಕ್ಕ.

ನಮಗೆ ಬೇಕಾದ ಸಾಕ್ಷಿಯನ್ನಷ್ಟೇ ನೋಡುವ ಚಟವೂ ಇದೆ. 1966ರಲ್ಲಿ ಪೀಟರ್ ವಾಸನ್ ಕೊಟ್ಟ ಕಾರ್ಡಿನ ಒಗಟನ್ನು ಕನ್ನಡಕ್ಕೆ ಹೊಂದಿಸಿ ಹೇಳುತ್ತೇನೆ. ನಾಲ್ಕು ಕಾರ್ಡು, ಒಂದು ಬದಿ ಅಕ್ಷರ, ಇನ್ನೊಂದು ಬದಿ ಸಂಖ್ಯೆ. ಕಾಣುತ್ತಿರುವುದು ಅ, ಕ, 4, 7. 'ಸ್ವರ ಇದ್ದರೆ ಹಿಂದೆ ಸಮಸಂಖ್ಯೆ ಇರಬೇಕು' ಅನ್ನುವುದು ನಿಜವಾ ಅಂತ ನೋಡಲು ಯಾವ ಕಾರ್ಡು ತಿರುಗಿಸಬೇಕು? ಹೆಚ್ಚಿನವರು ಅ ಮತ್ತು 4 ಅನ್ನುತ್ತಾರೆ. 4ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. 7ರ ಹಿಂದೆ ಸ್ವರ ಇದ್ದರೆ ಮುರಿಯುತ್ತದೆ. ತಿರುಗಿಸಬೇಕಾದ್ದು ಅ ಮತ್ತು 7.

## ದಾರಿ ತಪ್ಪಿದ್ದೀರಿ ಅನ್ನುವ ಸೂಚನೆಗಳು

ಎರಡೇ ಸೆಕೆಂಡಿಗೆ ಉತ್ತರ ಹೊಳೆಯಿತಾ? ಬರೆದಿಡಿ, ಯಾರಿಗೂ ಹೇಳಬೇಡಿ. ಒಗಟಿನಲ್ಲಿ ಇಲ್ಲದ ಹೊಸ ಪಾತ್ರವೋ ಹೊಸ ವಸ್ತುವೋ ನಿಮ್ಮ ಉತ್ತರಕ್ಕೆ ಬೇಕಾಯಿತಾ? ಅಲ್ಲಿಗೆ ನಿಲ್ಲಿಸಿ. ಅವಳಿ ತಮ್ಮ, ಕನ್ನಡಿ, ಕನಸು, ಈ ಮೂರು ಬಂದರೆ ಬಹುತೇಕ ಹತಾಶೆಯ ಉತ್ತರ. ಒಂದೇ ದಾರಿಯಲ್ಲಿ ಹತ್ತು ನಿಮಿಷ ತಿರುಗಿದ್ದೀರಿ ಅಂದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ ಇನ್ನೂ ಎರಡು ಸಾಲು ಬರೆಯಿರಿ.

ಕೆಲವು ಸಲ ತಪ್ಪು ಒಗಟಿನದ್ದೇ. ಹೊರಗೆ ಮೂರು ಸ್ವಿಚ್ಚು, ಮುಚ್ಚಿದ ಕೋಣೆಯಲ್ಲಿ ಒಂದು ಬಲ್ಬು, ಒಳಗೆ ಒಂದೇ ಸಲ ಹೋಗಿ ಯಾವ ಸ್ವಿಚ್ಚು ಅಂತ ಹೇಳಬೇಕು. ಒಂದನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆರಿಸಿ, ಎರಡನೆಯದನ್ನು ಹಾಕಿ, ಒಳಗೆ ಹೋಗಿ ಬಲ್ಬು ಮುಟ್ಟಿ ನೋಡುವುದು ಉತ್ತರ. ಉರಿಯುತ್ತಿದ್ದರೆ ಎರಡನೆಯದು, ಆರಿ ಬಿಸಿಯಾಗಿದ್ದರೆ ಮೊದಲನೆಯದು, ತಣ್ಣಗಿದ್ದರೆ ಮೂರನೆಯದು. ಈಗ ಮನೆಮನೆಯಲ್ಲೂ ಎಲ್‌ಇಡಿ. ಹಳೇ ಹಳದಿ ಬಲ್ಬಿನಷ್ಟು ಅದು ಬಿಸಿಯಾಗುವುದಿಲ್ಲ. 'ಹಳೇ ಬಲ್ಬು' ಅಂತ ಹೇಳದೇ ಇದ್ದರೆ ಈ ಒಗಟು ಇವತ್ತಿನ ಹುಡುಗರಿಗೆ ಅನ್ಯಾಯ.

## ಅಭ್ಯಾಸಕ್ಕೆ ಮೂರು

'ಇಬ್ಬರು ಅಪ್ಪಂದಿರು, ಇಬ್ಬರು ಮಕ್ಕಳು, ಮೂರು ಬಾಳೆಹಣ್ಣು. ತಲಾ ಒಂದು ಪೂರ್ತಿ ಹಣ್ಣು ತಿಂದರು.' ಎಷ್ಟು ಜನ ಅಂತ ಬಲಗಡೆ ಬರೆದು ನೋಡಿ.

'ಹತ್ತು ಮೇಣದಬತ್ತಿ ಉರಿಯುತ್ತಿದ್ದವು. ಗಾಳಿಗೆ ಮೂರು ಆರಿದವು. ಕಿಟಕಿ ಹಾಕಿದ ಮೇಲೆ ಮತ್ತೆ ಯಾವುದೂ ಆರಲಿಲ್ಲ. ಬೆಳಗಾಗುವಷ್ಟರಲ್ಲಿ ಎಷ್ಟು ಬತ್ತಿ ಉಳಿದವು?' 'ಉಳಿದವು' ಅನ್ನುವ ಪದಕ್ಕೆ ಸುತ್ತು ಹಾಕಿ.

'ಏಳು ಜನ ಅಣ್ಣತಮ್ಮಂದಿರು. ಪ್ರತಿಯೊಬ್ಬನಿಗೂ ಒಬ್ಬಳು ತಂಗಿ. ಮನೆಯಲ್ಲಿ ಒಟ್ಟು ಮಕ್ಕಳೆಷ್ಟು?' ಹದಿನಾಲ್ಕು ಅನ್ನುವವರಿಗಾಗಿ ಇದನ್ನು ಗ್ರೂಪಿಗೆ ಹಾಕಿದ್ದೆ. ಸಂಜೆ, 'ಎಂಟು. ತಂಗಿ ಎಲ್ಲರಿಗೂ ಒಬ್ಬಳೇ' ಅಂತ ಉತ್ತರವನ್ನೂ ಬರೆದೆ. ಐದು ನಿಮಿಷಕ್ಕೆ ಅಕ್ಕನ ಮಗಳ ಮೆಸೇಜು ಬಂತು: 'ಮಾಮ, ಅವರಿಗೆ ಅಕ್ಕ ಇಲ್ಲ ಅಂತ ಎಲ್ಲಿ ಹೇಳಿದ್ದೀರಾ?' ನನ್ನ ಬಲಗಡೆ ಕಾಲಂನಲ್ಲಿ ಆ ಸಾಲೇ ಇರಲಿಲ್ಲ.